ಭೂಗರ್ಭದ ಶಾಖ ಮತ್ತು ಮೈಲಾರ ಸೀಮೆಯ ಬೇಸಾಯ

ಬೇಸಾಯಕ್ಕೆ ಮಣ್ಣು, ನೀರು, ಬೀಜಗಳಷ್ಟೇ ಶಕ್ತಿಯೂ ಮುಖ್ಯ. ಹಿಂದೆ ಎತ್ತಿನ ಹೆಗಲು ಮತ್ತು ಆಳಿನ ರಟ್ಟೆ ಆ ಶಕ್ತಿಯನ್ನು ಒದಗಿಸುತ್ತಿದ್ದವು. ಇಂದು ನೀರೆತ್ತಲು ವಿದ್ಯುತ್ತು, ಉಳಲು ಡೀಸೆಲ್, ಅಡಿಗೆಗೆ ಅನಿಲ ಬೇಕಾಗಿದೆ. ಇವೆಲ್ಲವೂ ಹಣ ಕೊಟ್ಟು ತರುವಂಥವು. ಆದುದರಿಂದ ಮುಗಿಯದ ಶಕ್ತಿಮೂಲಗಳಾದ ಬಿಸಿಲು, ಗಾಳಿ, ಸಗಣಿ ಅನಿಲಗಳ ಬಗ್ಗೆ ರೈತರಲ್ಲಿ ಆಸಕ್ತಿ ಹೆಚ್ಚಿದೆ. ಇವುಗಳ ಸಾಲಿನಲ್ಲಿಯೇ ಆಗಾಗ ಕೇಳಿಬರುವ ಇನ್ನೊಂದು ಹೆಸರು ಭೂಶಾಖ, ಅಂದರೆ ಭೂಮಿಯ ಒಡಲೊಳಗಿನ ಬಿಸಿ.

ತುಂಗಭದ್ರೆಯ ದಡದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆಯ ರೈತರು ಸೇರುತ್ತಾರೆ. ಕಾರ್ಣಿಕದ ಒಂದು ನುಡಿಯನ್ನು ಮಳೆಗೆ, ಬೆಳೆಗೆ ಹೊಂದಿಸಿ ಅರ್ಥ ಮಾಡುವುದು ವಾಡಿಕೆ. ಕೊಳವೆ ಬಾವಿಯ ಮಾತು ಬಂದಾಗ, "ಆಳಕ್ಕೆ ಹೋದಂತೆ ನೀರು ಬೆಚ್ಚಗೆ ಬರುತ್ತದೆ, ಇನ್ನೂ ಆಳಕ್ಕೆ ಹೋದರೆ ಬಿಸಿನೀರೇ ಸಿಗಬಹುದೇ, ಅದರಿಂದ ಕರೆಂಟು ತೆಗೆಯಬಹುದೇ" ಎಂಬ ಪ್ರಶ್ನೆ ಏಳುವುದು ಸಹಜ. ಸಾವಿರ ಅಡಿ ಕೊರೆಯುವುದು ಒಂದು ಕುಟುಂಬದ ಹಲವು ವರ್ಷಗಳ ಉಳಿತಾಯವನ್ನು ನುಂಗುವ ಕೆಲಸ. ಆದುದರಿಂದ ಈ ಪ್ರಶ್ನೆಗೆ ಲೆಕ್ಕದ ಮೇಲೆ ಉತ್ತರ ತಿಳಿದಿರುವುದು ಅಗತ್ಯ.

ಭೂಮಿಯೊಳಗೆ ಬಿಸಿ ಎಲ್ಲಿಂದ ಬಂತು?

ಭೂಮಿಯ ಒಳಗಿನ ಶಾಖಕ್ಕೆ ಎರಡು ಮೂಲಗಳಿವೆ. ಮೊದಲನೆಯದು, ಭೂಮಿ ಹುಟ್ಟಿದಾಗಿನಿಂದ ಉಳಿದುಬಂದ ಬಿಸಿ. ಎರಡನೆಯದು, ಕಲ್ಲುಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಯುರೇನಿಯಂ, ಥೋರಿಯಂ ಮತ್ತು ಒಂದು ಬಗೆಯ ಪೊಟ್ಯಾಸಿಯಂ ತಾವಾಗಿಯೇ ಒಡೆಯುತ್ತಾ ಬಿಡುವ ಬಿಸಿ. ಈ ಶಾಖವು ಒಳಗಿನಿಂದ ಮೇಲಕ್ಕೆ ಬಹಳ ನಿಧಾನವಾಗಿ ಹರಿದುಬರುತ್ತದೆ. ಆದುದರಿಂದ ಆಳಕ್ಕೆ ಇಳಿದಂತೆಲ್ಲ ಕಲ್ಲಿನ ಉಷ್ಣತೆ ಏರುತ್ತದೆ.

ಈ ಏರಿಕೆ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಪ್ರಪಂಚದ ಹೆಚ್ಚಿನ ಕಡೆ ಒಂದು ಕಿಲೋಮೀಟರ್ ಆಳಕ್ಕೆ ಸುಮಾರು 25ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಏರುತ್ತದೆ. ಜ್ವಾಲಾಮುಖಿಗಳಿರುವ ಮತ್ತು ಭೂಮಿಯ ಹೊರಪದರ ಬಿರುಕು ಬಿಟ್ಟಿರುವ ನಾಡುಗಳಲ್ಲಿ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಅಲ್ಲಿ ಮಳೆಯ ನೀರು ಬಿರುಕುಗಳಲ್ಲಿ ಇಳಿದು, ಬಿಸಿ ಕಲ್ಲನ್ನು ಮುಟ್ಟಿ ಕಾದು, ಬುಗ್ಗೆಯಾಗಿಯೋ ಆವಿಯಾಗಿಯೋ ಮೇಲೆ ಬರುತ್ತದೆ. ಭೂಶಾಖದಿಂದ ಲಾಭ ಪಡೆಯಬೇಕಾದರೆ ಮೂರು ಸಂಗತಿಗಳು ಒಂದೆಡೆ ಕೂಡಿರಬೇಕು: ಮೇಲೆಯೇ ಬಿಸಿ ಕಲ್ಲು, ಅದರಲ್ಲಿ ಬಿರುಕು, ಬಿರುಕಿನಲ್ಲಿ ನೀರು. ಇವುಗಳಲ್ಲಿ ಒಂದು ತಪ್ಪಿದರೂ ಖರ್ಚು ಬಹಳವಾಗುತ್ತದೆ.

ಶಾಖದಿಂದ ವಿದ್ಯುತ್ತು

ಇಟಲಿಯ ಲಾರ್ಡೆರೆಲ್ಲೊ ಎಂಬಲ್ಲಿ 1904ರಲ್ಲಿ ಮೊದಲ ಬಾರಿಗೆ ಭೂಮಿಯ ಆವಿಯಿಂದ ಯಂತ್ರ ತಿರುಗಿಸಿ ಐದು ಬಲ್ಬುಗಳನ್ನು ಬೆಳಗಿಸಲಾಯಿತು. 1913ರಲ್ಲಿ ಅಲ್ಲಿಯೇ 250 ಕಿಲೋವ್ಯಾಟ್ ಸಾಮರ್ಥ್ಯದ ಸ್ಥಾವರ ಬಂತು. ಆನಂತರ 1958ರಲ್ಲಿ ನ್ಯೂಜಿಲೆಂಡಿನ ವೈರಾಕೈ, 1960ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದ ಗೀಸರ್ಸ್, 1981ರಲ್ಲಿ ಕೀನ್ಯಾದ ಓಲ್ಕಾರಿಯಾ ಸ್ಥಾವರಗಳು ಕೆಲಸ ಆರಂಭಿಸಿದವು. ಇಂದು ಕೀನ್ಯಾ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಭೂಶಾಖದ್ದು. ಐಸ್‌ಲೆಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳು ನೆಲದ ಬಿಸಿನೀರಿನಿಂದಲೇ ಬೆಚ್ಚಗಿರುತ್ತವೆ.

ವಿದ್ಯುತ್ ತೆಗೆಯುವ ವಿಧಾನಗಳು ಮೂರು. ಒಣ ಆವಿ ಸಿಗುವಲ್ಲಿ ಅದನ್ನು ನೇರವಾಗಿ ಟರ್ಬೈನಿಗೆ ಬಿಡಲಾಗುತ್ತದೆ. ಸುಮಾರು 180 ಡಿಗ್ರಿಗಿಂತ ಹೆಚ್ಚು ಬಿಸಿಯಾದ ನೀರು ಸಿಗುವಲ್ಲಿ ಒತ್ತಡ ಇಳಿಸಿ ಅದನ್ನು ಆವಿ ಮಾಡಲಾಗುತ್ತದೆ. ಅದಕ್ಕಿಂತ ಕಡಿಮೆ, ಅಂದರೆ 100 ಡಿಗ್ರಿಯ ಆಸುಪಾಸಿನಿಂದ ಮೇಲಕ್ಕಿರುವ ನೀರಾದರೆ, ಕಡಿಮೆ ಬಿಸಿಗೇ ಕುದಿಯುವ ಬೇರೊಂದು ದ್ರವವನ್ನು ಅದರಿಂದ ಕಾಯಿಸಿ ಆ ದ್ರವದ ಆವಿಯಿಂದ ಯಂತ್ರ ತಿರುಗಿಸಲಾಗುತ್ತದೆ.

ಬೇಸಾಯದಲ್ಲಿಯೂ ಇದರ ಬಳಕೆಯಿದೆ. ಕೀನ್ಯಾದ ನೈವಾಶಾ ಸರೋವರದ ಬಳಿ 2003ರಿಂದ ಗುಲಾಬಿ ಬೆಳೆಯುವ ಗಾಜುಮನೆಗಳಿಗೆ ನೆಲದ ಬಿಸಿಯನ್ನು ಹಾಯಿಸಲಾಯಿತು. ಚಳಿಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ರಾತ್ರಿಯ ತೇವವನ್ನು ತಗ್ಗಿಸಿ ಹೂವಿಗೆ ಬರುವ ಬೂಷ್ಟು ರೋಗಗಳನ್ನು ಕಡಿಮೆ ಮಾಡುವುದು ಅಲ್ಲಿನ ಉದ್ದೇಶವಾಗಿತ್ತು.

ಭೂಶಾಖವು ಮುಗಿಯದ ಮೂಲವೆಂದು ಹೇಳಿದರೂ ಅದಕ್ಕೂ ಒಂದು ಮಿತಿಯಿದೆ. ಗೀಸರ್ಸ್ ಕ್ಷೇತ್ರದಲ್ಲಿ ಸ್ಥಾವರದ ಮೇಲೆ ಸ್ಥಾವರ ಕಟ್ಟಿ ಆವಿಯನ್ನು ಎಳೆದುದರಿಂದ 1987ರ ನಂತರ ಆವಿಯ ಒತ್ತಡ ಕುಸಿಯಿತು. ಕಲ್ಲು ಬಿಸಿಯಾಗಿಯೇ ಇತ್ತು, ಅದರೊಳಗಿನ ನೀರು ಮಾತ್ರ ಖಾಲಿಯಾಗಿತ್ತು. 1997ರಿಂದ ಹತ್ತಿರದ ಊರುಗಳ ಶುದ್ಧೀಕರಿಸಿದ ಕೊಳಚೆ ನೀರನ್ನು ಕೊಳವೆಗಳಲ್ಲಿ ತಂದು ನೆಲದೊಳಕ್ಕೆ ಇಳಿಸಿದ ಮೇಲೆಯೇ ಕುಸಿತ ತಗ್ಗಿತು. ಕೊಳವೆ ಬಾವಿಯನ್ನು ಬತ್ತಿಸಿಕೊಂಡ ರೈತನಿಗೆ ಈ ಪಾಠ ಹೊಸದಲ್ಲ. ತೆಗೆದಷ್ಟನ್ನು ತುಂಬದಿದ್ದರೆ ಯಾವ ಒಡಲೂ ಬರಿದಾಗುತ್ತದೆ.

ಭಾರತದಲ್ಲಿ ಭೂಶಾಖ

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳನ್ನು ಗುರುತಿಸಲಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1991ರಲ್ಲಿ ಇವುಗಳ ನಕ್ಷಾಸಂಪುಟವನ್ನು ಹೊರತಂದಿತು. ದೇಶದಲ್ಲಿ ಸುಮಾರು 10,600 ಮೆಗಾವ್ಯಾಟ್ ವಿದ್ಯುತ್ತಿಗೆ ಸಾಲುವಷ್ಟು ಶಾಖವಿದೆಯೆಂಬುದು ಸರ್ಕಾರದ ಅಂದಾಜು. ಆದರೆ ಇದು ನೆಲದಲ್ಲಿ ಇರಬಹುದಾದುದರ ಅಂದಾಜೇ ಹೊರತು ಇಂದು ತೆಗೆಯುತ್ತಿರುವುದರ ಲೆಕ್ಕವಲ್ಲ.

ಎಲ್ಲಕ್ಕಿಂತ ಹೆಚ್ಚು ಭರವಸೆಯಿರುವ ಸ್ಥಳ ಲಡಾಖಿನ ಪೂಗಾ ಕಣಿವೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದ ಈ ಕಣಿವೆಯಲ್ಲಿ ವಿದ್ಯುತ್ ಸ್ಥಾವರಕ್ಕಾಗಿ ಒ.ಎನ್.ಜಿ.ಸಿ. ಸಂಸ್ಥೆಯು 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಹಿಮಾಚಲ ಪ್ರದೇಶದ ಮಣಿಕರಣದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಸಿದ್ಧಪಡಿಸಿದ 5 ಕಿಲೋವ್ಯಾಟಿನ ಪ್ರಾಯೋಗಿಕ ಯಂತ್ರವನ್ನು ನಡೆಸಿ ನೋಡಲಾಗಿತ್ತು. ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಕಲ್ಲಿದ್ದಲು ಸಂಸ್ಥೆಯು 20 ಕಿಲೋವ್ಯಾಟಿನ ಪ್ರಾಯೋಗಿಕ ಸ್ಥಾವರವನ್ನು ಸ್ಥಾಪಿಸಿದೆ. 2025ರಲ್ಲಿ ಕೇಂದ್ರ ಸರ್ಕಾರವು ಭೂಶಾಖಕ್ಕೆ ಸಂಬಂಧಿಸಿದ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು.

ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆಯೆಂದು ಹೆಸರಾದುದು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದ ಬೆಂದ್ರ್ ತೀರ್ಥ. ಇದರ ನೀರು ಮೈಗೆ ಹಿತವಾದ ಬಿಸಿಯದೇ ಹೊರತು ಕುದಿಯುವಂಥದಲ್ಲ. ಅದರ ಉಷ್ಣತೆ ಸುಮಾರು 40 ಡಿಗ್ರಿಯ ಒಳಗೇ ಇದೆ. ವಿದ್ಯುತ್ತಿಗೆ ಬೇಕಾದ ಶಾಖದ ಹತ್ತಿರಕ್ಕೂ ಇದು ಬರುವುದಿಲ್ಲ.

ಕೋಲಾರದ ಗಣಿ ಹೇಳುವ ಮಾತು

ಕರ್ನಾಟಕದ ನೆಲ ಆಳದಲ್ಲಿ ಎಷ್ಟು ಬಿಸಿಯಾಗಿದೆಯೆಂದು ಊಹಿಸಬೇಕಾಗಿಲ್ಲ. ಅದನ್ನು ಇಳಿದು ನೋಡಿದವರಿದ್ದಾರೆ. ಕೋಲಾರದ ಚಿನ್ನದ ಗಣಿಯಲ್ಲಿ 1880ರಲ್ಲಿ ಆರಂಭವಾದ ಆಧುನಿಕ ಗಣಿಗಾರಿಕೆ 2001ರ ಫೆಬ್ರವರಿಯವರೆಗೆ ನಡೆಯಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತ್ತು. ಅಷ್ಟು ಆಳದಲ್ಲಿ ಕಲ್ಲಿನ ಉಷ್ಣತೆ ಸುಮಾರು 67 ಡಿಗ್ರಿ. ಆ ಸೆಖೆಯಲ್ಲಿ ಕೆಲಸಗಾರರು ಬದುಕಿ ದುಡಿಯಬೇಕಾದರೆ ಮೇಲಿನಿಂದ ಗಾಳಿಯನ್ನು ತಂಪು ಮಾಡಿ ಇಳಿಸಬೇಕಾಗಿತ್ತು.

ಕೆಲಸಗಾರನಿಗೆ ಇದು ಸಹಿಸಲಾರದ ಬಿಸಿ. ಆದರೆ ವಿದ್ಯುತ್ ಸ್ಥಾವರದ ದೃಷ್ಟಿಯಿಂದ ಇದು ತೀರ ತಂಪು. ನೆಲದ ಮೇಲ್ಭಾಗದ ಸರಾಸರಿ ಉಷ್ಣತೆ ಸುಮಾರು 27 ಡಿಗ್ರಿ ಎಂದಿಟ್ಟುಕೊಂಡರೆ, 3.2 ಕಿಲೋಮೀಟರಿಗೆ ಏರಿದ್ದು 40 ಡಿಗ್ರಿ. ಅಂದರೆ ಕಿಲೋಮೀಟರಿಗೆ ಸುಮಾರು 12ರಿಂದ 13 ಡಿಗ್ರಿ ಮಾತ್ರ. ಪ್ರಪಂಚದ ಸಾಮಾನ್ಯ ಏರಿಕೆಯ ಅರ್ಧದಷ್ಟೇ ಇದು.

ಇದಕ್ಕೆ ಕಾರಣ ಈ ನೆಲದ ವಯಸ್ಸು. ಕೋಲಾರದಿಂದ ಸೊಂಡೂರು, ಕೂಡ್ಲಿಗಿ, ಹರಪನಹಳ್ಳಿಯವರೆಗೆ ಹಬ್ಬಿರುವ ಕಲ್ಲು 250 ಕೋಟಿ ವರ್ಷಗಳಿಗೂ ಹಿಂದಿನದು. ಭೂವಿಜ್ಞಾನಿಗಳು ಇದನ್ನು ಧಾರವಾಡ ಶಿಲಾಪೀಠವೆಂದು ಕರೆಯುತ್ತಾರೆ. ಇದು ದಪ್ಪನಾದ, ಗಟ್ಟಿಯಾದ, ತಣ್ಣಗಾದ ಹಳೆಯ ಹಲಗೆ. ಇದರ ಕೆಳಗೆ ಮೇಲ್ಮಟ್ಟದಲ್ಲಿ ಕರಗಿದ ಕಲ್ಲಿಲ್ಲ. ಇಷ್ಟೇ ಹಳೆಯ ಕಲ್ಲಿರುವ ರಷ್ಯಾದ ಕೋಲಾ ಪ್ರದೇಶದಲ್ಲಿ ಸಂಶೋಧನೆಗಾಗಿ ಕೊರೆದ ರಂಧ್ರ 1989ರಲ್ಲಿ 12,262 ಮೀಟರ್ ತಲುಪಿತು. ಅಷ್ಟು ಆಳಕ್ಕೆ ಇಳಿದ ಮೇಲೆ ಕಂಡದ್ದು 180 ಡಿಗ್ರಿ.

ಇದೇ ಲೆಕ್ಕವನ್ನು ಮೈಲಾರ ಸೀಮೆಗೆ ಹಾಕಿದರೆ, 150 ಡಿಗ್ರಿಯ ಕಲ್ಲನ್ನು ಮುಟ್ಟಲು ಸುಮಾರು 10 ಕಿಲೋಮೀಟರ್, ಅಂದರೆ 32 ಸಾವಿರ ಅಡಿಗಳಿಗೂ ಹೆಚ್ಚು ಕೊರೆಯಬೇಕಾಗುತ್ತದೆ. ಅಲ್ಲಿ ನೀರೂ ಇರಲಾರದು. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಗಾದೆ ಇಂಥ ಕೆಲಸಕ್ಕೇ ಸಲ್ಲುತ್ತದೆ.

ಒಂದು ಎಕರೆಯ ಲೆಕ್ಕ

ಶಿಲಾಪೀಠದ ಈ ಭಾಗದಲ್ಲಿ ಒಳಗಿನಿಂದ ಮೇಲಕ್ಕೆ ಹರಿದುಬರುವ ಶಾಖ ಒಂದು ಚದರ ಮೀಟರಿಗೆ ಹೆಚ್ಚೆಂದರೆ 40 ಮಿಲಿವ್ಯಾಟ್ ಎಂದು ಹಿಡಿಯಬಹುದು. ಅಂದರೆ ಒಂದು ವ್ಯಾಟಿನ ಇಪ್ಪತ್ತೈದನೇ ಒಂದು ಪಾಲು. ಒಂದು ಎಕರೆಯಲ್ಲಿ 4,047 ಚದರ ಮೀಟರ್ ಇರುವುದರಿಂದ ಇಡೀ ಎಕರೆಯಿಂದ ಬರುವ ಶಾಖ ಸುಮಾರು 160 ವ್ಯಾಟ್. ಎರಡು ಫ್ಯಾನುಗಳು ತಿರುಗುವಷ್ಟು! ಅದೂ ಶಾಖವೇ ಹೊರತು ವಿದ್ಯುತ್ತಲ್ಲ. ಇದೆಲ್ಲವನ್ನೂ ಹಿಡಿದಿಟ್ಟು ಪೂರ್ತಿಯಾಗಿ ವಿದ್ಯುತ್ತಾಗಿ ಮಾರ್ಪಡಿಸಲು ಸಾಧ್ಯವಾದರೂ, 5 ಅಶ್ವಶಕ್ತಿಯ ಒಂದು ಪಂಪಿಗೆ 23 ಎಕರೆ ಬೇಕಾಗುತ್ತದೆ.

ಅದೇ ಎಕರೆಯ ಮೇಲೆ ಬೀಳುವ ಬಿಸಿಲಿನ ಲೆಕ್ಕ ನೋಡಿರಿ. ಈ ಸೀಮೆಯಲ್ಲಿ ದಿನಕ್ಕೆ ಒಂದು ಚದರ ಮೀಟರಿಗೆ ಸರಾಸರಿ 5 ಯೂನಿಟ್ಟಿಗೂ ಹೆಚ್ಚು ಬಿಸಿಲು ಬೀಳುತ್ತದೆ. ಎಕರೆಗೆ ದಿನಕ್ಕೆ 20 ಸಾವಿರ ಯೂನಿಟ್ಟಿಗೂ ಮೇಲಾಯಿತು. ಕೆಳಗಿನಿಂದ ಬರುವುದು ದಿನಕ್ಕೆ 4 ಯೂನಿಟ್. ಮೇಲಿನಿಂದ ಬರುವುದು ಅದರ ಐದು ಸಾವಿರ ಪಟ್ಟು. 5 ಅಶ್ವಶಕ್ತಿಯ ಪಂಪು ನಡೆಸುವ ಸೌರ ಹಲಗೆಗಳ ಹರವು ಅರ್ಧ ಗುಂಟೆಗೂ ಕಡಿಮೆ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದಕ್ಕೂ, ಪಂಪುಗಳಿಗೆ ಸೌರ ಹಲಗೆ ಜೋಡಿಸುವ ಯೋಜನೆಗಳು ಬಂದಿರುವುದಕ್ಕೂ ಇದೇ ಕಾರಣ. ವಿದ್ಯುತ್ತಿಗಾಗಿ ಈ ಸೀಮೆಯ ರೈತನು ನೋಡಬೇಕಾದುದು ಮೇಲಕ್ಕೆ, ಕೆಳಕ್ಕಲ್ಲ.

ಕೊಳವೆ ಬಾವಿಯ ನೀರು ಬೆಚ್ಚಗೇಕೆ?

ಪುಷ್ಯಮಾಸದ ಬೆಳಗಿನಲ್ಲಿ ಕೊಳವೆ ಬಾವಿಯ ನೀರು ಕೈಗೆ ಬೆಚ್ಚಗಿರುತ್ತದೆ, ಹೊಗೆಯಾಡಿದಂತೆಯೂ ಕಾಣುತ್ತದೆ. ಅದೇ ನೀರು ಚೈತ್ರದ ಮಧ್ಯಾಹ್ನ ತಂಪೆನಿಸುತ್ತದೆ. ನೀರು ಬದಲಾಗಿರುವುದಿಲ್ಲ, ಬದಲಾಗಿರುವುದು ಹೊರಗಿನ ಗಾಳಿ. ನೆಲದ ಆಳದಲ್ಲಿ ಉಷ್ಣತೆ ವರ್ಷವಿಡೀ ಒಂದೇ ಸಮನಾಗಿರುತ್ತದೆ. ಸಾವಿರ ಅಡಿ, ಅಂದರೆ 300 ಮೀಟರ್ ಆಳದಲ್ಲಿ ಏರಿಕೆ ಸುಮಾರು 4 ಡಿಗ್ರಿ. ಬೇರೆ ಬೇರೆ ಆಳದ ಸೆಲೆಗಳ ನೀರು ಕೂಡಿ ಮೇಲೆ ಬರುವುದರಿಂದ ಅದರ ಉಷ್ಣತೆ ಸಾಮಾನ್ಯವಾಗಿ 28ರಿಂದ 31 ಡಿಗ್ರಿಯೊಳಗಿರುತ್ತದೆ.

ಕೆಲವು ಕಡೆ ಇದಕ್ಕಿಂತ ಬಿಸಿಯಾಗಿ ಬರಲು ಮೇಲಿನ ಕಾರಣಗಳೇ ಇರುತ್ತವೆ. ಬಿಸಿಲಿನಲ್ಲಿ ಬಿದ್ದಿರುವ ಕರಿ ಪೈಪು, ನೀರು ಕಡಿಮೆಯಾಗಿ ಕಾಯುತ್ತಿರುವ ಮೋಟಾರು ಇವು ಮುಖ್ಯವಾದವು. ನೀರಿನ ಪ್ರಮಾಣ ತಗ್ಗಿ ಬಿಸಿ ಹೆಚ್ಚಿದರೆ ಅದು ಬಿಸಿನೀರಿನ ಸೆಲೆಯ ಗುರುತಲ್ಲ, ಮೋಟಾರು ಸುಡುವ ಮುನ್ಸೂಚನೆ. ಕೂಡಲೇ ಪಂಪು ನಿಲ್ಲಿಸಿ ಪರೀಕ್ಷಿಸಬೇಕು. ನೀರಿನ ಬಿಸಿಯಿಂದ ನೀರಿನ ಪ್ರಮಾಣವನ್ನು ಹೇಳಲು ಬರುವುದಿಲ್ಲ. "ಬೆಚ್ಚಗೆ ಬಂತು, ಇನ್ನೂರಡಿ ಹೋದರೆ ದೊಡ್ಡ ಸೆಲೆ ಇದೆ" ಎಂಬ ಮಾತನ್ನು ನಂಬಿ ಸಾಲ ಮಾಡಿ ಕೊರೆಸುವುದು ಸರಿಯಲ್ಲ.

ಮೇಲಿನ ಹತ್ತಡಿಯ ಉಪಯೋಗ

ಆಳದ ಶಾಖ ಕೈಗೆಟುಕದಿದ್ದರೂ, ನೆಲದ ಮೇಲಿನ ಹತ್ತಡಿ ಮಣ್ಣು ಒಂದು ದೊಡ್ಡ ಶಾಖದ ಉಗ್ರಾಣವಾಗಿದೆ. ಈ ಶಾಖ ಬಿಸಿಲಿನಿಂದ ಬಂದದ್ದು. ಬರಿ ಮಸಾರಿ ನೆಲದ ಮೈ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 50 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಆದರೆ ಅರ್ಧ ಮೀಟರ್ ಕೆಳಗೆ ಹಗಲು-ರಾತ್ರಿಯ ವ್ಯತ್ಯಾಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮೂರು ಮೀಟರ್ ಕೆಳಗೆ ಬೇಸಿಗೆ-ಚಳಿಗಾಲದ ವ್ಯತ್ಯಾಸವೂ ಮೇಲಿನದರ ಕಾಲು ಭಾಗಕ್ಕೆ ಇಳಿಯುತ್ತದೆ. ಅಲ್ಲಿಗೆ ಬೇಸಿಗೆಯ ಬಿಸಿ ಮುಟ್ಟುವ ವೇಳೆಗೆ ಮೇಲೆ ಮಳೆಗಾಲ ಬಂದಿರುತ್ತದೆ. ಹೀಗಾಗಿ ನೆಲದ ಒಳಭಾಗ ಬೇಸಿಗೆಯಲ್ಲಿ ಹೊರಗಿಗಿಂತ ತಂಪು, ಚಳಿಗಾಲದ ರಾತ್ರಿಯಲ್ಲಿ ಹೊರಗಿಗಿಂತ ಬೆಚ್ಚಗೆ. ಈ ಗುಣವನ್ನು ರೈತನು ಖರ್ಚಿಲ್ಲದೆ ಬಳಸಿಕೊಳ್ಳಬಹುದಾದ ಕೆಲವು ವಿಧಾನಗಳು ಹೀಗಿವೆ.

1. ಗೋಬರ್ ಅನಿಲ ಸ್ಥಾವರ

ಸಗಣಿಯಿಂದ ಅನಿಲ ತಯಾರಿಸುವ ಸೂಕ್ಷ್ಮಜೀವಿಗಳಿಗೆ 30ರಿಂದ 35 ಡಿಗ್ರಿ ಶಾಖ ಹಿತಕರ. 20 ಡಿಗ್ರಿಗಿಂತ ಕೆಳಗಿಳಿದರೆ ಅನಿಲ ಬಹಳ ಕಡಿಮೆಯಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಒಲೆ ಸರಿಯಾಗಿ ಉರಿಯುವುದಿಲ್ಲವೆಂಬ ದೂರಿಗೆ ಇದೇ ಕಾರಣ. ದೀನಬಂಧು ಮಾದರಿಯ ಸ್ಥಾವರ ಪೂರ್ತಿಯಾಗಿ ನೆಲದೊಳಗೆ ಇರುವುದರಿಂದ ಸುತ್ತಲ ಮಣ್ಣೇ ಅದಕ್ಕೆ ಕಂಬಳಿಯಾಗಿರುತ್ತದೆ.

ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಮತ್ತು ಅಷ್ಟೇ ನೀರು ಬೇಕು. ಚಳಿಗಾಲದಲ್ಲಿ ರಾತ್ರಿಯಿಡೀ ತೊಟ್ಟಿಯಲ್ಲಿ ನಿಂತ ನೀರು 18 ಡಿಗ್ರಿಗೆ ಇಳಿದಿರುತ್ತದೆ. ಅದರ ಬದಲು ಆಗತಾನೇ ಎತ್ತಿದ 28-29 ಡಿಗ್ರಿಯ ಕೊಳವೆ ಬಾವಿಯ ನೀರನ್ನು ಸಗಣಿಯಲ್ಲಿ ಕಲಸಿದರೆ ಬಗ್ಗಡದ ಬಿಸಿ 5 ಡಿಗ್ರಿಯಷ್ಟು ಹೆಚ್ಚುತ್ತದೆ. 50 ಲೀಟರ್ ನೀರನ್ನು 10 ಡಿಗ್ರಿ ಕಾಯಿಸಲು ಬೇಕಾಗುವ ಅರ್ಧ ಯೂನಿಟ್ಟಿಗೂ ಹೆಚ್ಚಿನ ಶಾಖವನ್ನು ಭೂಮಿ ಹೀಗೆ ಪುಕ್ಕಟೆಯಾಗಿ ಕೊಡುತ್ತದೆ. ಬೆಳಿಗ್ಗೆ ಕರೆಂಟು ಇಲ್ಲದ ಕಡೆ, ಬಿಸಿಲಿನಲ್ಲಿ ಕಾದ ತೊಟ್ಟಿಯ ನೀರಿನಿಂದ ಮಧ್ಯಾಹ್ನ ಬಗ್ಗಡ ಕಲಸಿ ಬಿಡುವುದು ಒಳ್ಳೆಯದು. ಕುದಿಯುವ ನೀರನ್ನು ಎಂದೂ ಹಾಕಬಾರದು. ಚಳಿಗಾಲದಲ್ಲಿ ಗುಮ್ಮಟದ ಮೇಲಿನ ಮಣ್ಣಿಗೆ ಜೋಳದ ಸೊಪ್ಪೆ ಅಥವಾ ಹುಲ್ಲು ಹೊದಿಸಿರಿ. ಸ್ಥಾವರದ ಮೇಲೆ ಮರದ ನೆರಳು ಬೀಳದಂತೆ ನೋಡಿಕೊಳ್ಳಿರಿ.

2. ಹಗೇವು

ಈ ಭಾಗದ ಹಿರಿಯರು ಜೋಳವನ್ನು ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಬರಗಾಲ ಬಂದಾಗ ಊರನ್ನು ಉಳಿಸಿದ್ದು ಈ ನೆಲದಡಿಯ ಕಾಳು. ಇದರಲ್ಲಿ ಎರಡು ಗುಣಗಳಿವೆ. ನೆಲದೊಳಗಿನ ಉಷ್ಣತೆ ಏರಿಳಿಯದಿರುವುದರಿಂದ ಕಾಳು ಬೆವರುವುದಿಲ್ಲ. ಗಾಳಿಯಾಡದಂತೆ ಮುಚ್ಚಿರುವುದರಿಂದ ಒಳಗಿನ ಆಮ್ಲಜನಕ ತೀರಿ ನುಸಿ, ಹುಳುಗಳು ಸಾಯುತ್ತವೆ.

ಹಗೇವು ಕೆಡುವುದು ತೇವದಿಂದ. ಆದುದರಿಂದ ನೀರು ನಿಲ್ಲದ ಎತ್ತರದ, ಗಟ್ಟಿ ಗರಸು ನೆಲವನ್ನು ಆರಿಸಬೇಕು. ಬಿರುಕು ಬಿಡುವ ಎರೆ ಭೂಮಿ ಮತ್ತು ಕಾಲುವೆ ನೀರಾವರಿಯಿಂದ ಅಂತರ್ಜಲ ಮೇಲೆ ಬಂದಿರುವ ಜಾಗ ಬೇಡ. ಕಾಳಿನ ತೇವ ಶೇಕಡಾ 10ರಿಂದ 12ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಹಲ್ಲಿನಲ್ಲಿ ಕಚ್ಚಿದರೆ ಕಟ್ಟನೆ ಒಡೆಯಬೇಕು. ತಳಕ್ಕೂ ಪಕ್ಕಗಳಿಗೂ ದಪ್ಪ ಪಾಲಿಥೀನ್ ಹಾಳೆ ಹೊದಿಸಿ, ಅದರ ಒಳಗೆ ಒಣಹುಲ್ಲು ಹಾಕಿ ಕಾಳು ತುಂಬಬೇಕು. ಬಾಯಿ ಮುಚ್ಚಿ ಮೇಲೆ ಮಣ್ಣಿನ ದಿಬ್ಬ ಮಾಡಿದರೆ ಮಳೆಯ ನೀರು ಹರಿದುಹೋಗುತ್ತದೆ.

ಎಚ್ಚರಿಕೆ: ಮುಚ್ಚಿದ ಹಗೇವಿನಲ್ಲಿ ಉಸಿರಾಡಲು ಬೇಕಾದ ಗಾಳಿ ಇರುವುದಿಲ್ಲ. ತೆರೆದ ಕೂಡಲೇ ಇಳಿದವರು ಕೂಗುವುದಕ್ಕೂ ಆಗದೆ ಪ್ರಾಣ ಕಳೆದುಕೊಳ್ಳುತ್ತಾರೆ. ಅವರನ್ನು ಎತ್ತಲು ಹೋದವರೂ ಅದೇ ಗತಿಗೆ ಒಳಗಾಗುತ್ತಾರೆ. ಬಾಯಿ ತೆರೆದು ಹಲವು ಗಂಟೆಗಳ ಕಾಲ ಗಾಳಿಯಾಡಲು ಬಿಡಬೇಕು. ಮೊದಲು ಮೇಲಿನಿಂದಲೇ ಕಾಳು ತೆಗೆಯಬೇಕು. ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಿರಿ, ಆರಿದರೆ ಇಳಿಯಲೇಬಾರದು. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರು ಹಿಡಿದು ನಿಂತ ಮೇಲೆಯೇ ಇಳಿಯಬೇಕು. ಮಕ್ಕಳನ್ನು ಎಂದಿಗೂ ಇಳಿಸಬಾರದು.

3. ಸಸಿಮಡಿಗೆ ಮಣ್ಣು ಕಾಯಿಸುವುದು

ಈರುಳ್ಳಿ, ಮೆಣಸಿನಕಾಯಿ, ಟೊಮ್ಯಾಟೊ ಸಸಿಗಳು ಮಡಿಯಲ್ಲಿಯೇ ಬುಡ ಕೊಳೆತು ಬೀಳುವುದು ಸಾಮಾನ್ಯ ತೊಂದರೆ. ಬೇಸಿಗೆಯ ಬಿಸಿಲನ್ನು ಮಣ್ಣಿನಲ್ಲಿ ಹಿಡಿದಿಟ್ಟು ರೋಗಾಣುಗಳನ್ನು ಕೊಲ್ಲುವ ವಿಧಾನವನ್ನು 1976ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಪ್ರಕಟಿಸಿದರು. ಇದು ಈ ಸೀಮೆಯ ಉರಿಬಿಸಿಲಿಗೆ ಚೆನ್ನಾಗಿ ಒಪ್ಪುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಮಡಿಯನ್ನು ಹೆಂಟೆಯಿಲ್ಲದಂತೆ ಸಿದ್ಧಮಾಡಿ ಚೆನ್ನಾಗಿ ನೀರುಣಿಸಿರಿ. ಒದ್ದೆ ಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯುತ್ತದೆ, ಬೀಜ ಮತ್ತು ಶಿಲೀಂಧ್ರಗಳು ಎಚ್ಚರಗೊಂಡು ಬೇಗ ಸಾಯುತ್ತವೆ. ಅದರ ಮೇಲೆ 25 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಮಣ್ಣಿಗೆ ತಾಗುವಂತೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ 4ರಿಂದ 6 ವಾರ ಬಿಡಬೇಕು. ಕಪ್ಪು ಹಾಳೆ ಇಷ್ಟು ಫಲ ಕೊಡದು. ಹಾಳೆ ತೆಗೆದ ಮೇಲೆ ಮಣ್ಣನ್ನು ಆಳವಾಗಿ ಅಗೆಯಬಾರದು, ಅಗೆದರೆ ಕೆಳಗೆ ಉಳಿದ ರೋಗಾಣುಗಳು ಮೇಲೆ ಬರುತ್ತವೆ. ಹೆಚ್ಚಿನ ಕಳೆಗಳು ಇದರಿಂದ ಸಾಯುತ್ತವೆ. ಆದರೆ ಗಡ್ಡೆಯಿರುವ ಜೇಕನ್ನು ಇದು ಪೂರ್ತಿ ನಾಶ ಮಾಡುವುದಿಲ್ಲ. ಕೆಲಸವಾದ ಹಾಳೆಯನ್ನು ಹೊಲದಲ್ಲಿ ಬಿಸಾಡದೆ ಸುತ್ತಿಡಬೇಕು.

ಇದಕ್ಕೆ ವಿರುದ್ಧವಾಗಿ, ನಿಂತಿರುವ ಬೆಳೆಯ ಬೇರಿಗೆ ತಂಪು ಬೇಕು. ಹಡಗಲಿಯ ಮಲ್ಲಿಗೆ ಗಿಡಗಳ ಬುಡಕ್ಕೆ ಬೇಸಿಗೆಯಲ್ಲಿ ಹುಲ್ಲು, ಸೊಪ್ಪೆ, ಶೇಂಗಾ ಸಿಪ್ಪೆಯ ಹೊದಿಕೆ ಹಾಕಿದರೆ ಮಣ್ಣು ಕಾಯುವುದು ತಗ್ಗುತ್ತದೆ, ನೀರೂ ಉಳಿಯುತ್ತದೆ.

4. ನೆಲದ ಕೊಳವೆಯಿಂದ ತಂಪು ಗಾಳಿ

ಎರಡು-ಮೂರು ಮೀಟರ್ ಆಳದಲ್ಲಿ 20-30 ಮೀಟರ್ ಉದ್ದದ ಕೊಳವೆ ಹೂತು ಅದರ ಮೂಲಕ ಫ್ಯಾನಿನಿಂದ ಗಾಳಿ ಎಳೆದರೆ, ಹೊರಗೆ 40 ಡಿಗ್ರಿ ಇದ್ದ ಗಾಳಿ 31-32 ಡಿಗ್ರಿಗೆ ಇಳಿದು ಬರುತ್ತದೆ. ಕೊಟ್ಟಿಗೆಗೆ, ಕೋಳಿ ಮನೆಗೆ ಇದು ಹಿತವೆನಿಸಬಹುದು. ಆದರೆ ಅಗೆಯುವ ಖರ್ಚನ್ನು ಲೆಕ್ಕ ಹಾಕಿಯೇ ಮುಂದುವರಿಯಬೇಕು. ರೇಷ್ಮೆ ಸಾಕಣೆಯಲ್ಲಿ ಬೆಳೆದ ಹುಳುವಿಗೆ 24-25 ಡಿಗ್ರಿ ಬೇಕಾಗುವುದರಿಂದ ಇದೊಂದೇ ಸಾಲದು. ಈ ಸೀಮೆಯ ಬೇಸಿಗೆಯ ಗಾಳಿ ಬಹಳ ಒಣಗಿರುವುದರಿಂದ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುವುದೇ ಕಡಿಮೆ ಖರ್ಚಿನಲ್ಲಿ ಹೆಚ್ಚು ತಂಪು ಕೊಡುತ್ತದೆ. ಮಲ್ಲಿಗೆ ಮೊಗ್ಗು ಮತ್ತು ತರಕಾರಿಗೆ, ಎರಡು ಇಟ್ಟಿಗೆ ಗೋಡೆಗಳ ನಡುವೆ ಒದ್ದೆ ಮರಳು ತುಂಬಿದ ತಂಪು ಪೆಟ್ಟಿಗೆ ಸಾಕು. ಈರುಳ್ಳಿಗೆ ಮಾತ್ರ ಒದ್ದೆ ಗಾಳಿ ಶತ್ರು. ಅದಕ್ಕೆ ಕೆಳಗಿನಿಂದಲೂ ಪಕ್ಕಗಳಿಂದಲೂ ಒಣ ಗಾಳಿಯಾಡುವ ನೆರಳಿನ ಅಟ್ಟಣೆಯೇ ಸರಿ.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ಬಾಯಿಮಾತಿಗಿಂತ ಒಂದು ಸಾದಾ ಉಷ್ಣಮಾಪಕದಿಂದ ಹೆಚ್ಚು ಚೆನ್ನಾಗಿ ತೋರಿಸಬಹುದು. ಜ್ವರ ನೋಡುವ ಮಾಪಕ ಇದಕ್ಕೆ ಆಗದು. ಊರಿನ ಮೂರು-ನಾಲ್ಕು ಕೊಳವೆ ಬಾವಿಗಳನ್ನು ಆರಿಸಿ, ಪಂಪನ್ನು 15-20 ನಿಮಿಷ ನಡೆಸಿದ ನಂತರ ಬಾವಿಯ ಬಾಯಲ್ಲೇ ಬಕೀಟು ಹಿಡಿದು ನೀರಿನ ಬಿಸಿ ಅಳೆಯಿರಿ. ಬಾವಿಯ ಆಳ, ದಿನಾಂಕ, ಗಾಳಿಯ ಉಷ್ಣತೆಗಳನ್ನು ಬರೆದಿಡಿರಿ. ಜನವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಹೀಗೆ ಮಾಡಿ ರೈತರ ಎದುರೇ ಹೋಲಿಸಿದರೆ ನೀರು ಬದಲಾಗಿಲ್ಲವೆಂಬುದು ಅವರಿಗೇ ಮನದಟ್ಟಾಗುತ್ತದೆ. ಮೋಟಾರು ಸರಿಯಿದ್ದೂ ಎಲ್ಲಿಯಾದರೂ ನೀರು ಎಲ್ಲ ಕಾಲದಲ್ಲಿಯೂ 35 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿ ಬಂದರೆ ಜಿಲ್ಲೆಯ ಅಂತರ್ಜಲ ಕಚೇರಿಗೆ ತಿಳಿಸಬೇಕು.

ನೆನಪಿಡಬೇಕಾದ ಅಂಶಗಳು

1. ಮೈಲಾರ ಸೀಮೆಯ ಕಲ್ಲು ಹಳೆಯದು, ತಣ್ಣಗಿನದು. ಇಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವುದು ಲಾಭದ ಮಾತಲ್ಲ.

2. ಕೊಳವೆ ಬಾವಿಯ ಬೆಚ್ಚನೆಯ ನೀರು ಹೆಚ್ಚು ನೀರಿನ ಗುರುತಲ್ಲ. ಅದನ್ನು ನಂಬಿ ಆಳ ಹೆಚ್ಚಿಸಬಾರದು. ಆ ಹಣದಲ್ಲಿ ಕೃಷಿಹೊಂಡ, ಬದು, ಕೊಳವೆ ಬಾವಿಗೆ ಮಳೆನೀರು ಇಂಗಿಸುವ ಗುಂಡಿ ಮಾಡಿಸುವುದು ಮೇಲು.

3. ವಿದ್ಯುತ್ತಿಗೆ ಬಿಸಿಲು, ಗಾಳಿ, ಒಲೆಗೆ ಸಗಣಿ. ಈ ಸೀಮೆಯ ಸಂಪತ್ತು ಇವೇ.

4. ಮೇಲಿನ ಹತ್ತಡಿ ಮಣ್ಣಿನ ಸಮಶಾಖವನ್ನು ಗೋಬರ್ ಅನಿಲಕ್ಕೆ ಮತ್ತು ಕಾಳು ಕಾಪಾಡಲು ಬಳಸಿರಿ. ನೆಲದ ಮೈಯಲ್ಲಿ ಸಿಗುವ ಬಿಸಿಲ ಕಾವನ್ನು ಸಸಿಮಡಿಗೆ ಬಳಸಿರಿ.

5. ಹಗೇವಿಗೆ ಇಳಿಯುವ ಮುನ್ನ ಗಾಳಿ, ದೀಪ, ಹಗ್ಗ ಈ ಮೂರನ್ನೂ ಮರೆಯಬೇಡಿರಿ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಕಾಗಿಲ್ಲ. ಹೆಚ್ಚಿನ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಹಗರಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು.